ಗಂಟು, ಇಡುಗಂಟು, ಕಗ್ಗಂಟು: ಜಪಾನಿನ ಒಂದು ತಲೆಮಾರಿನ ಹೆಸರು

ಜಾಹೀರಾತು ಸಂಸ್ಥೆಗಳ ಪ್ರತಿನಿಧಿಗಳು ನಮ್ಮ ವರ್ತಕರ ಬಳಿಗೆ ಬಂದಾಗ ‘ಮಿಲೆನಿಯಲ್’, ‘ಜೆನ್ ಝೀ’ ಮುಂತಾದ ಹೆಸರುಗಳನ್ನು ಧಾರಾಳವಾಗಿ ಬಳಸುವುದುಂಟು. ಇಂತಿಂಥ ವರ್ಷಗಳ ನಡುವೆ ಹುಟ್ಟಿದವರೆಲ್ಲರೂ ಒಂದೇ ಅಭಿರುಚಿಯ ಗಿರಾಕಿಗಳು ಎಂಬ ಗ್ರಹಿಕೆಯ ಮೇಲೆ ನಿಂತಿರುವ ಈ ಹೆಸರುಗಳ ಬಗ್ಗೆ ಪ್ರಸ್ತುತ ಲೇಖಕನಿಗೆ ಹೆಚ್ಚಿನ ಗೌರವವಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಇಪ್ಪತ್ತೈದು ವರ್ಷದ ನೌಕರನೂ ರಾಣೆಬೆನ್ನೂರಿನ ಬೀಜದಂಗಡಿಯ ಅದೇ ವಯಸ್ಸಿನ ಗುಮಾಸ್ತನೂ ಒಂದೇ ಪಟ್ಟಿಯಲ್ಲಿ ಸೇರಿದರೆ ಆ ಪಟ್ಟಿಯಿಂದ ವ್ಯಾಪಾರಿಗೆ ಆಗುವ ಪ್ರಯೋಜನ ಅಲ್ಪ. ಆದರೆ ಇಂತಹ ಹೆಸರುಗಳ ನಡುವೆ ಲೆಕ್ಕಪತ್ರದ ಮೇಜಿನಿಂದಲೇ ಹುಟ್ಟಿಬಂದ ಹೆಸರೊಂದಿದೆ. ಅದನ್ನು ಇಟ್ಟವರು ಜಾಹೀರಾತಿನವರಲ್ಲ, ಕವಿಗಳೂ ಅಲ್ಲ. ಜಪಾನಿನ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಒಬ್ಬ ಅಧಿಕಾರಿ. ಆ ಹೆಸರು ‘ದಂಕೈ ನೊ ಸೆದೈ’.

‘ಸೆದೈ’ ಎಂದರೆ ತಲೆಮಾರು. ‘ದಂಕೈ’ ಎಂಬುದು ಭೂವಿಜ್ಞಾನದ ಶಬ್ದ. ‘ದನ್’ ಎಂದರೆ ಗುಂಪು, ‘ಕೈ’ ಎಂದರೆ ಉಂಡೆ. ಕಲ್ಲಿನ ಪದರಗಳ ನಡುವೆ ಬೇರೊಂದು ಖನಿಜವು ಒಂದೆಡೆ ಒತ್ತಾಗಿ ಸೇರಿ, ಸುತ್ತಲಿನ ಶಿಲೆಗಿಂತ ಗಟ್ಟಿಯಾದ ಗಡ್ಡೆಯಾಗಿ ಉಳಿದಿರುತ್ತದೆ. ಸಮುದ್ರತಳದಲ್ಲಿ ದೊರೆಯುವ ಮ್ಯಾಂಗನೀಸ್ ಗಡ್ಡೆಗಳು ಇದೇ ಜಾತಿಯವು. ಸುತ್ತಲಿನ ಪದರಕ್ಕಿಂತ ಇದು ಭಿನ್ನ, ಮತ್ತು ಪದರವು ಎತ್ತ ಬಾಗಿದರೂ ಇದು ಮಾತ್ರ ಕರಗದೆ ಹಾಗೆಯೇ ಉಳಿಯುತ್ತದೆ. ಕನ್ನಡದಲ್ಲಿ ಇದಕ್ಕೆ ‘ಗಂಟು’ ಎಂಬ ಮಾತು ಚೆನ್ನಾಗಿ ಹೊಂದುತ್ತದೆ. ನಮ್ಮ ಭಾಷೆಯಲ್ಲಿ ಗಂಟು ಎಂದರೆ ಊತವೂ ಹೌದು, ಕೂಡಿಟ್ಟ ಹಣವೂ ಹೌದು, ಬಿಡಿಸಲಾಗದ ಸಿಕ್ಕೂ ಹೌದು. ಜಪಾನಿನ ಈ ತಲೆಮಾರು ಕಾಲಕ್ರಮದಲ್ಲಿ ಈ ಮೂರೂ ಆಯಿತು.

ಹೆಸರಿಟ್ಟ ಅಧಿಕಾರಿಯ ನಿಜನಾಮ ಕೊತಾರೊ ಇಕೆಗುಚಿ. ಜನನ 1935ರಲ್ಲಿ, ಒಸಾಕಾದಲ್ಲಿ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ 1960ರಲ್ಲಿ ಸಚಿವಾಲಯ ಸೇರಿದ ಇವರು 1970ರ ಒಸಾಕಾ ವಿಶ್ವ ವಸ್ತುಪ್ರದರ್ಶನವನ್ನು ರೂಪಿಸಿದವರಲ್ಲಿ ಪ್ರಮುಖರು. ಕಾದಂಬರಿಕಾರರಾಗಿ ಅವರು ಆರಿಸಿಕೊಂಡ ಹೆಸರು ‘ತೈಚಿ ಸಕೈಯ’. ಸಕೈ ಎಂಬುದು ಒಸಾಕಾದ ಮಗ್ಗುಲಲ್ಲಿರುವ ಪುರಾತನ ವರ್ತಕರ ಪಟ್ಟಣ. ‘ಯ’ ಎಂದರೆ ಅಂಗಡಿ. ಸರ್ಕಾರಿ ಅಧಿಕಾರಿಯೊಬ್ಬ ತನ್ನ ಲೇಖನನಾಮಕ್ಕೆ ಅಂಗಡಿಯ ಫಲಕದಂತಹ ಹೆಸರನ್ನು ಇಟ್ಟುಕೊಂಡದ್ದು ನಮ್ಮ ಓದುಗರಿಗೆ ಹಿತವೆನಿಸಬಹುದು. 1975ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿಯ ವಸ್ತು, ತೈಲದ ಆಮದು ನಿಂತುಹೋದರೆ ಜಪಾನಿಗೆ ಒದಗುವ ಗತಿ. ಅದರ ಹೆಸರು ‘ಯುದಾನ್’. ಈ ಶಬ್ದಕ್ಕೆ ಅಜಾಗರೂಕತೆ ಎಂದು ಅರ್ಥ. ಬರೆಯುವ ಲಿಪಿಚಿಹ್ನೆಗಳನ್ನು ಬಿಡಿಸಿ ಓದಿದರೆ ‘ಎಣ್ಣೆ ಕಡಿತ’.

ಮರುವರ್ಷ, ಅಂದರೆ 1976ರಲ್ಲಿ, ಎರಡನೆಯ ವಸ್ತುವಾಗಿ ಅವರು ಜನಸಂಖ್ಯೆಯನ್ನು ಕೈಗೆತ್ತಿಕೊಂಡರು. ಮಾಸಪತ್ರಿಕೆಯೊಂದರಲ್ಲಿ ಬಂದು ಅನಂತರ ಪುಸ್ತಕವಾದ ಆ ನಾಲ್ಕು ಕಥೆಗಳು ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷಗಳ ಜಪಾನಿ ಕಂಪನಿ ಕಚೇರಿಗಳನ್ನು ಕಲ್ಪಿಸುತ್ತವೆ. ಪುಸ್ತಕದ ಶೀರ್ಷಿಕೆಯೇ ಆಡುಮಾತಾಗಿ, ಕೆಲವೇ ವರ್ಷಗಳಲ್ಲಿ ಆ ಪುಸ್ತಕವನ್ನು ಎಂದೂ ಓದದವರ ಬಾಯಲ್ಲೂ ನೆಲೆಸಿತು.

ಮೂರು ವರ್ಷಗಳ ಲೆಕ್ಕ

ಗಂಟು ಎಷ್ಟು ದೊಡ್ಡದು? 1945ರಲ್ಲಿ ಯುದ್ಧ ಮುಗಿದ ಬಳಿಕ ಸೈನಿಕರೂ ವಸಾಹತುಗಳಲ್ಲಿದ್ದ ನಾಗರಿಕರೂ ಸೇರಿ 60 ಲಕ್ಷಕ್ಕೂ ಮೀರಿದ ಜಪಾನೀಯರು ತಾಯ್ನಾಡಿಗೆ ಮರಳಿದರು. ಮುಂದೂಡಲ್ಪಟ್ಟಿದ್ದ ಮದುವೆಗಳು ಒಮ್ಮೆಗೇ ನಡೆದವು. 1947ರಲ್ಲಿ 26.79 ಲಕ್ಷ, 1948ರಲ್ಲಿ 26.82 ಲಕ್ಷ, 1949ರಲ್ಲಿ 26.97 ಲಕ್ಷ ಮಕ್ಕಳು ಜನಿಸಿದರು. ಮೂರು ವರ್ಷಗಳ ಒಟ್ಟು ಮೊತ್ತ 80 ಲಕ್ಷ 57 ಸಾವಿರ. ಅಷ್ಟರಲ್ಲಿ ಆಹಾರದ ಕೊರತೆಯಿಂದ ತತ್ತರಿಸಿದ್ದ ಸರ್ಕಾರ 1948ರಲ್ಲಿ ಕಾಯ್ದೆಯೊಂದನ್ನು ತಂದು, 1949ರಲ್ಲಿ ಅದನ್ನು ತಿದ್ದಿ, ಆರ್ಥಿಕ ಕಾರಣಕ್ಕಾಗಿ ಗರ್ಭಪಾತ ಮಾಡಿಸಿಕೊಳ್ಳಲು ಅವಕಾಶ ಕೊಟ್ಟಿತು. 1950ರ ಜನನಗಳು 23.4 ಲಕ್ಷಕ್ಕೆ ಇಳಿದವು; 1957ಕ್ಕೆ 15.7 ಲಕ್ಷ.

ಅಮೆರಿಕದವರು ‘ಬೇಬಿ ಬೂಮ್’ ಎಂದು ಕರೆಯುವ ತಲೆಮಾರು 1946ರಿಂದ 1964ರವರೆಗೆ, ಸುಮಾರು ಹತ್ತೊಂಬತ್ತು ವರ್ಷ ಹರಡಿಕೊಂಡಿದೆ. ಅದನ್ನು ಉಬ್ಬರವೆನ್ನಬಹುದು. ಜಪಾನಿನದು ಹಿಂದೆಯೂ ಮುಂದೆಯೂ ಕಡಿದುಹೋದ ಮೂರೇ ವರ್ಷಗಳ ಒಂದು ಗಡ್ಡೆ. ಆದುದರಿಂದ ಸಕೈಯ ಅವರು ಅಲೆ, ಪ್ರವಾಹ ಎಂಬ ಸಾಮಾನ್ಯ ರೂಪಕಗಳನ್ನು ಬಿಟ್ಟು ಭೂವಿಜ್ಞಾನದ ಶಬ್ದವನ್ನು ತಂದದ್ದು ಅಲಂಕಾರಕ್ಕಾಗಿ ಅಲ್ಲ. ಅಂಕಿಗಳ ಆಕಾರವೇ ಹಾಗಿತ್ತು.

ಈ ಮಕ್ಕಳು ಎಲ್ಲಿಗೆ ಹೋದರೂ ಅಲ್ಲಿ ಜಾಗ ಸಾಲದಾಯಿತು. ಒಂದು ತರಗತಿಯಲ್ಲಿ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಕುಳಿತರು. ಹದಿನೈದು ತುಂಬಿದಾಗ, ಅಂದರೆ 1962ರಿಂದ 1964ರ ಹೊತ್ತಿಗೆ, ಇವರಿಗೆ ದೊರೆತ ಮೊದಲ ಅಡ್ಡಹೆಸರು ‘ಚಿನ್ನದ ಮೊಟ್ಟೆ’. ಉತ್ತರದ ಹಳ್ಳಿಗಳಲ್ಲಿ ಮಾಧ್ಯಮಿಕ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಟೋಕಿಯೊದ ಉಯೆನೊ ನಿಲ್ದಾಣಕ್ಕೆ ಕರೆತರಲೆಂದೇ ವಿಶೇಷ ರೈಲುಗಳು ಓಡುತ್ತಿದ್ದವು. 1954ರಲ್ಲಿ ಆರಂಭವಾದ ಈ ಉದ್ಯೋಗ ರೈಲುಗಳು 1975ರವರೆಗೂ ನಡೆದವು. ದೊಡ್ಡ ಕಾರ್ಖಾನೆಗಳು ಒಳ್ಳೆಯ ಸಂಬಳ ಕೊಟ್ಟು ಹೆಚ್ಚು ಓದಿದವರನ್ನು ಸೆಳೆದುಕೊಳ್ಳುತ್ತಿದ್ದುದರಿಂದ, ಈ ರೈಲುಗಳಿಂದ ಇಳಿದವರನ್ನು ಎದುರು ನೋಡುತ್ತಿದ್ದವರು ಬಹುಮಟ್ಟಿಗೆ ಬೀದಿಯ ಅಂಗಡಿಗಳವರು, ಹೋಟೆಲಿನವರು, ಹತ್ತು ಹನ್ನೆರಡು ಆಳುಗಳ ಸಣ್ಣ ವರ್ಕ್‌ಶಾಪುಗಳವರು. ಒಬ್ಬೊಬ್ಬರಾಗಿ ಹೋದರೆ ಆಳು ಸಿಗದೆಂದು ಅಂಗಡಿ ಬೀದಿಯ ಸಂಘಗಳು ಒಟ್ಟಾಗಿ ಹಳ್ಳಿಗಳಿಗೆ ಬೇಡಿಕೆ ಸಲ್ಲಿಸಿದ್ದೂ ಉಂಟು. ಟೋಕಿಯೊದ ಸಣ್ಣ ಕೈಗಾರಿಕೆ ಬೆಳೆದದ್ದು ಈ ಕೈಗಳಿಂದ.

ಇದೇ ತಲೆಮಾರಿನ ಇನ್ನೊಂದು ಪಾಲು ವಿಶ್ವವಿದ್ಯಾಲಯಗಳನ್ನು ಸೇರಿ, 1968-69ರ ವಿದ್ಯಾರ್ಥಿ ಚಳವಳಿಯಲ್ಲಿ ಧುಮುಕಿ, 1969ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯೇ ರದ್ದಾಗುವಂತೆ ಮಾಡಿತು. ಬಳಿಕ ಬಹುಪಾಲು ಚಳವಳಿಗಾರರು ಕೂದಲು ಕತ್ತರಿಸಿಕೊಂಡು ಕಂಪನಿಗಳಿಗೆ ಸೇರಿದರು. ಮದುವೆಯಾದರು, ಮನೆ ಕೊಂಡರು. 1974ರ ಮೇ ತಿಂಗಳಲ್ಲಿ ಟೋಕಿಯೊದ ತೊಯೊಸುವಿನಲ್ಲಿ ಒಂದು ಮದ್ಯದಂಗಡಿಯು ಜಪಾನಿನ ಮೊದಲ ಸೆವೆನ್-ಇಲೆವೆನ್ ಮಳಿಗೆಯಾಗಿ ಮಾರ್ಪಟ್ಟಾಗ ಈ ತಲೆಮಾರಿಗೆ ಇಪ್ಪತ್ತೈದರಿಂದ ಇಪ್ಪತ್ತೇಳರ ಪ್ರಾಯ.

ಅಧಿಕಾರಿ ಕಂಡದ್ದೇನು?

ಸಕೈಯ ಅವರ ಕಥೆಗಳ ತಿರುಳು ಒಂದು ಸರಳ ಗುಣಾಕಾರ. ಜಪಾನಿನ ಕಂಪನಿಗಳಲ್ಲಿ ಸಂಬಳವು ಕೆಲಸಕ್ಕಿಂತ ವಯಸ್ಸನ್ನು ಅನುಸರಿಸುತ್ತಿತ್ತು. ಸೇರಿದವನು ನಿವೃತ್ತಿಯವರೆಗೂ ಅಲ್ಲಿಯೇ ಇರುತ್ತಿದ್ದನು. ಇದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಒಂದು ಕಂಪನಿಯಲ್ಲಿ 100 ನೌಕರರು. ಅವರಲ್ಲಿ 40 ಮಂದಿ ಈ ಗಂಟಿನವರು. ಯುವಕನ ಸಂಬಳ 10, ಐವತ್ತು ವರ್ಷದವನದು 30, ಉಳಿದ 60 ಮಂದಿಯ ಸರಾಸರಿ 20 ಎಂದಿಟ್ಟುಕೊಳ್ಳೋಣ. ಗಂಟು ಎಳೆಯದಾಗಿರುವಾಗ ಒಟ್ಟು ಸಂಬಳದ ವೆಚ್ಚ 400 ಮತ್ತು 1,200, ಅಂದರೆ 1,600. ಅದೇ ನಲವತ್ತು ಮಂದಿಗೆ ಐವತ್ತಾದಾಗ 1,200 ಮತ್ತು 1,200, ಅಂದರೆ 2,400. ಆಳುಗಳ ಸಂಖ್ಯೆ ಅಷ್ಟೇ, ಯಂತ್ರಗಳೂ ಅಷ್ಟೇ; ಸಂಬಳದ ವೆಚ್ಚ ಮಾತ್ರ ಒಂದೂವರೆ ಪಟ್ಟು. ಮಾರಾಟ ವರ್ಷದಿಂದ ವರ್ಷಕ್ಕೆ ಏರುತ್ತಿದ್ದಷ್ಟು ಕಾಲ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಆ ಏರಿಕೆ ಮೊದಲಿನಂತಿರಲಿಲ್ಲ. ಜೊತೆಗೆ ನಲವತ್ತು ಮಂದಿಗೂ ವಿಭಾಗ ಮುಖ್ಯಸ್ಥನ ಕುರ್ಚಿ ಬೇಕು, ಇರುವುದು ನಾಲ್ಕೋ ಐದೋ. 1970ರ ದಶಕದ ಕೊನೆಯಲ್ಲಿ ‘ಕಿಟಕಿ ಪಕ್ಕದ ಬಳಗ’ ಎಂಬ ಹೊಸ ಆಡುಮಾತು ಹುಟ್ಟಿದ್ದು, ಹೀಗೆ ಹುದ್ದೆಯಿಲ್ಲದೆ ಕಿಟಕಿಯ ಬಳಿ ಮೇಜು ಹಾಕಿಸಿಕೊಂಡು ಕುಳಿತ ಹಿರಿಯ ನೌಕರರನ್ನು ಕುರಿತು.

ಭವಿಷ್ಯ ನುಡಿಯುವವರು ಸಾಮಾನ್ಯವಾಗಿ ಹವಾಮಾನ, ಮಾರುಕಟ್ಟೆ, ಯುದ್ಧ ಮುಂತಾದ ಅನಿಶ್ಚಿತಗಳ ಮೇಲೆ ಪಣ ಕಟ್ಟುತ್ತಾರೆ. ಸಕೈಯ ಅವರು ಆರಿಸಿಕೊಂಡದ್ದು ಆಗಲೇ ಹುಟ್ಟಿ ಬೆಳೆದಿದ್ದ ಜನರನ್ನು. 1949ರಲ್ಲಿ ಹುಟ್ಟಿದವನು 2009ರಲ್ಲಿ ಅರವತ್ತು ತಲುಪುತ್ತಾನೆಂಬುದಕ್ಕೆ ಜ್ಯೋತಿಷಿ ಬೇಕಿಲ್ಲ. ಆದರೂ ಕಂಪನಿಗಳು ಈ ಲೆಕ್ಕವನ್ನು ಹಾಕಿಕೊಳ್ಳಲಿಲ್ಲ. 1989ರ ಡಿಸೆಂಬರ್ ಕೊನೆಯಲ್ಲಿ ಶಿಖರಕ್ಕೇರಿದ ಷೇರುಪೇಟೆ ಕುಸಿದು, ವ್ಯಾಪಾರ ಕುಗ್ಗಿದಾಗ, ಕುಳಿತವರನ್ನು ಎಬ್ಬಿಸುವ ಬದಲು ಹೊಸಬರಿಗೆ ಬಾಗಿಲು ಮುಚ್ಚಿದವು.

ಆ ಬಾಗಿಲ ಹೊರಗೆ ನಿಂತಿದ್ದವರು ಬೇರಾರೂ ಅಲ್ಲ, ಈ ಗಂಟಿನ ಮಕ್ಕಳೇ. 1971ರಿಂದ 1974ರವರೆಗೆ ವರ್ಷಕ್ಕೆ 20 ಲಕ್ಷಕ್ಕಿಂತ ಹೆಚ್ಚು ಮಕ್ಕಳು ಹುಟ್ಟಿದ್ದರು. ‘ದಂಕೈ ಜೂನಿಯರ್’ ಎಂದೇ ಇವರ ಹೆಸರು. ಇವರು ಓದು ಮುಗಿಸಿ ಹೊರಬಂದ 1990ರ ದಶಕವನ್ನು ಜಪಾನೀಯರು ‘ಉದ್ಯೋಗದ ಹಿಮಯುಗ’ ಎನ್ನುತ್ತಾರೆ. 1980ರ ದಶಕದಲ್ಲಿ ಮನಬಂದಂತೆ ದುಡಿಯುವ ಯುವಕನನ್ನು ಮೆಚ್ಚುಗೆಯಿಂದ ಕರೆಯಲು ಹುಟ್ಟಿದ್ದ ‘ಫ್ರೀಟರ್’ ಎಂಬ ಮಾತು, ಈಗ ಖಾಯಂ ಕೆಲಸ ಸಿಗದೆ ದಿನಗೂಲಿಯಲ್ಲಿ ಉಳಿದವನ ಹೆಸರಾಯಿತು. ಖಾಯಂ ಸಂಬಳವಿಲ್ಲದವರು ಮದುವೆಯನ್ನು ಮುಂದೂಡಿದರು, ಹಲವರು ಮದುವೆಯಾಗಲೇ ಇಲ್ಲ. ಲೆಕ್ಕದ ಪ್ರಕಾರ 1990ರ ದಶಕದ ಕೊನೆಗೆ ಬರಬೇಕಿದ್ದ ಮೂರನೆಯ ಗಂಟು ಬರಲಿಲ್ಲ. 2024ರಲ್ಲಿ ಜಪಾನಿನಲ್ಲಿ ಜನಿಸಿದ ಮಕ್ಕಳು 6 ಲಕ್ಷ 86 ಸಾವಿರ; 1949ರ ಸಂಖ್ಯೆಯ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ.

ಇಡುಗಂಟು

ನಿವೃತ್ತರಾಗುವವರಿಗೆ ಜಪಾನಿನ ಕಂಪನಿಗಳು ಒಂದು ದೊಡ್ಡ ಇಡುಗಂಟನ್ನು ಕೊಡುವ ಪದ್ಧತಿಯಿದೆ; ನಮ್ಮ ಗ್ರಾಚ್ಯುಯಿಟಿಗಿಂತ ಅದು ಹೆಚ್ಚಿನದು. ದಶಕಗಳ ಕಾಲ ಈ ಹೊಣೆಯ ಪೂರ್ಣ ಮೊತ್ತ ಅಢಾವೆ ಪತ್ರಿಕೆಯಲ್ಲಿ ಕಾಣುತ್ತಿರಲಿಲ್ಲ. 2000ದ ಏಪ್ರಿಲ್‌ನಿಂದ ಆರಂಭವಾದ ಲೆಕ್ಕ ವರ್ಷಗಳಿಗೆ ಹೊಸ ಲೆಕ್ಕಪತ್ರ ಮಾನದಂಡ ಜಾರಿಗೆ ಬಂದು, ನಿವೃತ್ತಿ ಸೌಲಭ್ಯದ ಹೊಣೆಯನ್ನು ವಿಮಾಗಣಿತದ ಪ್ರಕಾರ ಎಣಿಸಿ ತೋರಿಸುವುದು ಕಡ್ಡಾಯವಾಯಿತು. ಪರಿಣಾಮವಾಗಿ ಹಲವು ದೊಡ್ಡ ಕಂಪನಿಗಳು ಒಮ್ಮೆಗೇ ಭಾರೀ ಮೊತ್ತಗಳನ್ನು ನಷ್ಟವಾಗಿ ಬರೆದುಕೊಳ್ಳಬೇಕಾಯಿತು. ನಮ್ಮಲ್ಲಿಯೂ ಪರಿಷ್ಕೃತ ಲೆಕ್ಕಪತ್ರ ಮಾನದಂಡ 15 ಮುಂದೆ ಇದೇ ಕೆಲಸವನ್ನು ಆರಂಭಿಸಿತು. ಸಣ್ಣ ಘಟಕಗಳಿಗೆ ಅದರಲ್ಲಿ ಕೆಲವು ವಿನಾಯಿತಿಗಳಿವೆ. ಆದರೆ ವಿನಾಯಿತಿ ಇರುವುದು ಎಣಿಕೆಯ ವಿಧಾನಕ್ಕೆ, ಹೊಣೆಗಲ್ಲ. ‘ಕೊಡುವಾಗ ಕೊಟ್ಟರಾಯಿತು, ಆ ವರ್ಷದ ಖರ್ಚಿಗೆ ಹಾಕಿ ಸ್ವಾಮಿ’ ಎನ್ನುವ ಮಾಲೀಕರು ಇಂದಿಗೂ ಇದ್ದಾರೆ. ಒಂದೇ ಸಮಯದಲ್ಲಿ ಕಾರ್ಖಾನೆ ಶುರುವಾದಾಗ ಸೇರಿದ ಹತ್ತು ಕೆಲಸಗಾರರು ಒಂದೇ ಸಮಯದಲ್ಲಿ ನಿವೃತ್ತರಾಗುತ್ತಾರೆ. ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ಕೊನೆಯ ವೇತನದಂತೆ ಮೂವತ್ತು ವರ್ಷದ ಲೆಕ್ಕ ಹಾಕಿ ಹತ್ತರಿಂದ ಗುಣಿಸಿದರೆ, ಆ ವರ್ಷದ ಲಾಭ ಎಲ್ಲಿಗೆ ಹೋಯಿತೆಂದು ಹುಡುಕಬೇಕಾಗುತ್ತದೆ.

1947ರಲ್ಲಿ ಹುಟ್ಟಿದವರು ಅರವತ್ತು ತಲುಪುವ 2007ನೆಯ ಇಸವಿ ಸಮೀಪಿಸಿದಂತೆ ‘2007ರ ಸಮಸ್ಯೆ’ ಎಂಬ ಮಾತು ಜಪಾನಿನ ಪತ್ರಿಕೆಗಳನ್ನು ತುಂಬಿತು. ಹಳೆಯ ಕಂಪ್ಯೂಟರ್ ವ್ಯವಸ್ಥೆಗಳನ್ನು ಬಲ್ಲವರೆಲ್ಲ ಒಮ್ಮೆಗೇ ಎದ್ದುಹೋದರೆ ಬ್ಯಾಂಕುಗಳ ಗತಿಯೇನು, ಕುಲುಮೆಯ ಬಣ್ಣ ನೋಡಿ ಉಷ್ಣಾಂಶ ಹೇಳುವ ಮೇಸ್ತ್ರಿ ಹೋದರೆ ಉಕ್ಕಿನ ಗತಿಯೇನು ಎಂಬ ಆತಂಕವದು. ಆದರೆ ಆ ವರ್ಷ ಸದ್ದಿಲ್ಲದೆ ಕಳೆಯಿತು. 2006ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾನೂನು ತಿದ್ದುಪಡಿ, ನೌಕರರಿಗೆ 65ರವರೆಗೆ ಹಂತಹಂತವಾಗಿ ಕೆಲಸ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತ್ತು. ಬಹುತೇಕ ಕಂಪನಿಗಳು ಅದೇ ವ್ಯಕ್ತಿಯನ್ನು ನಿವೃತ್ತಗೊಳಿಸಿ, ಮರುದಿನವೇ ಕಡಿಮೆ ಸಂಬಳಕ್ಕೆ ಒಪ್ಪಂದದ ಮೇಲೆ ಮರಳಿ ಕರೆದುಕೊಂಡವು. ಸಮಸ್ಯೆಯ ಹೆಸರು ‘2012ರ ಸಮಸ್ಯೆ’ ಎಂದು ಬದಲಾಯಿತು. ಗಂಟಿನ ಕೊನೆಯವನಿಗೂ 75 ತುಂಬಿ ಆಸ್ಪತ್ರೆ ಮತ್ತು ಶುಶ್ರೂಷೆಯ ವೆಚ್ಚ ಏರುವುದನ್ನು ಕುರಿತ ‘2025ರ ಸಮಸ್ಯೆ’ ಮೂರನೆಯದು. ಹೀಗೆ ತಾರೀಖು ಹಾಕಿದ ಚೆಕ್ಕಿನಂತೆ ಮುಂದೆ ಮುಂದೆ ಬರೆಸಿಕೊಂಡ ಸಮಸ್ಯೆ ಇನ್ನೊಂದಿರಲಾರದು.

ಸಕೈಯ ಅವರೇ ಈ ವೇಳೆಗೆ ಮನಸ್ಸು ಬದಲಿಸಿದ್ದರು. 1978ರಲ್ಲಿ ಸಚಿವಾಲಯ ತೊರೆದ ಅವರು 1998ರಿಂದ 2000ದವರೆಗೆ ಆರ್ಥಿಕ ಯೋಜನಾ ಸಂಸ್ಥೆಯ ಮಂತ್ರಿಯಾಗಿದ್ದರು. ಟ್ಯಾಕ್ಸಿ ಚಾಲಕರು, ಅಂಗಡಿಯವರು ಮುಂತಾದವರನ್ನು ಪ್ರತಿ ತಿಂಗಳು ಕೇಳಿ ವ್ಯಾಪಾರದ ನಾಡಿ ಹಿಡಿಯುವ ಸರ್ಕಾರಿ ಸಮೀಕ್ಷೆ 2000ದಲ್ಲಿ ಆರಂಭವಾದದ್ದು ಅವರ ಸಲಹೆಯಿಂದ. ನಮ್ಮಲ್ಲಿ ಇಂತಹದೊಂದು ಏಕಿಲ್ಲ ಎಂಬ ಪ್ರಶ್ನೆಯನ್ನು ಇನ್ನೊಮ್ಮೆ ಚರ್ಚಿಸಬಹುದು. 2005ರಲ್ಲಿ ಬರೆದ ಪುಸ್ತಕದಲ್ಲಿ ಅವರು, ಕೈಯಲ್ಲಿ ಹಣವೂ ಸಮಯವೂ ಇರುವ ಈ ನಿವೃತ್ತರಿಂದ ಹತ್ತು ವರ್ಷಗಳ ಸುವರ್ಣಯುಗ ಆರಂಭವಾಗಲಿದೆ ಎಂದರು. ಮನೆಯವರು ಇಟ್ಟ ಹೆಸರು ಬೇರೆಯೇ ಇತ್ತು: ‘ಒದ್ದೆ ತರಗೆಲೆ’. ಕಂಪನಿಯ ಹೊರಗೆ ಯಾವ ಲೋಕವನ್ನೂ ಕಾಣದೆ ನಿವೃತ್ತನಾಗಿ, ಹೆಂಡತಿ ಹೋದಲ್ಲೆಲ್ಲ ಹಿಂದೆಯೇ ಹೋಗುವ ಗಂಡ; ಒದ್ದೆ ಎಲೆ ಪೊರಕೆಗೆ ಅಂಟಿಕೊಂಡಂತೆ, ಗುಡಿಸಿದರೂ ಹೋಗುವುದಿಲ್ಲ. ನಮ್ಮ ಸದಸ್ಯರಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಮನೆಯಲ್ಲಿ ಕುಳಿತ ಹಿರಿಯರನ್ನು ಬಲ್ಲವರಿಗೆ ಇದರ ಅರ್ಥ ಹೇಳಬೇಕಿಲ್ಲ. ಸಕೈಯ ಅವರು 2019ರಲ್ಲಿ ನಿಧನರಾದರು.

ಕಗ್ಗಂಟು

ದೊಡ್ಡ ಕಂಪನಿಯ ನೌಕರನಿಗೆ ನಿವೃತ್ತಿಯ ತಾರೀಖಿದೆ, ಆತನ ಹೊಣೆ ಅಢಾವೆ ಪತ್ರಿಕೆಯಲ್ಲಿದೆ. ಸಣ್ಣ ಕಾರ್ಖಾನೆಯ ಮಾಲೀಕನಿಗೆ ಎರಡೂ ಇಲ್ಲ. ಚಿನ್ನದ ಮೊಟ್ಟೆಗಳಾಗಿ ಬಂದವರಲ್ಲಿ ಎಷ್ಟೋ ಮಂದಿ ಮುಂದೆ ತಾವೇ ಒಂದೆರಡು ಲೇತ್ ಹಾಕಿಕೊಂಡು ಮಾಲೀಕರಾದರು. ಟೋಕಿಯೊದ ಒತಾ ವಾರ್ಡಿನಲ್ಲಿ 1980ರ ದಶಕದ ಆರಂಭಕ್ಕೆ ಒಂಬತ್ತು ಸಾವಿರಕ್ಕಿಂತ ಹೆಚ್ಚು ಕಾರ್ಖಾನೆಗಳಿದ್ದವು. ನೀಲನಕ್ಷೆಯನ್ನು ಕಾಗದದ ವಿಮಾನ ಮಾಡಿ ಅಲ್ಲಿಗೆ ಹಾರಿಬಿಟ್ಟರೆ ಮರುದಿನ ಸಿದ್ಧ ವಸ್ತುವಾಗಿ ಮರಳುತ್ತದೆ ಎಂಬುದು ಅಲ್ಲಿಯ ಹೆಮ್ಮೆಯ ಮಾತು. 2010ರ ದಶಕದ ಮಧ್ಯಭಾಗಕ್ಕೆ ಅಲ್ಲಿ ಉಳಿದವು ಸುಮಾರು ಮೂರೂವರೆ ಸಾವಿರ.

ಜಪಾನಿನ ಸಣ್ಣ ಉದ್ಯಮ ಇಲಾಖೆ ತನ್ನ ಲೆಕ್ಕವನ್ನು ಮುಂದಿಟ್ಟಾಗ ದೇಶ ಬೆಚ್ಚಿತು. 2025ರ ವೇಳೆಗೆ 70 ವರ್ಷ ದಾಟುವ ಸಣ್ಣ ಮತ್ತು ಮಧ್ಯಮ ಉದ್ಯಮಗಳ ಮಾಲೀಕರು ಸುಮಾರು 24.5 ಲಕ್ಷ. ಅವರಲ್ಲಿ ಉತ್ತರಾಧಿಕಾರಿ ಯಾರೆಂದು ನಿಶ್ಚಯವಾಗದವರು 12.7 ಲಕ್ಷ, ಅರ್ಧಕ್ಕಿಂತ ಹೆಚ್ಚು. ಹೀಗೆಯೇ ಬಿಟ್ಟರೆ 65 ಲಕ್ಷ ಉದ್ಯೋಗಗಳು ಹೋಗಬಹುದೆಂದು ಎಚ್ಚರಿಕೆ. ಸ್ವಯಂ ಬಾಗಿಲು ಮುಚ್ಚಿದ ಉದ್ಯಮಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಲಾಭದಲ್ಲಿಯೇ ಇದ್ದವು ಎಂಬುದು ಇನ್ನೂ ವಿಚಿತ್ರ. ಅದಕ್ಕೂ ಅವರು ‘ಕಪ್ಪು ಶಾಯಿಯ ಮುಚ್ಚುವಿಕೆ’ ಎಂದು ಹೆಸರಿಟ್ಟಿದ್ದಾರೆ. ಟೋಕಿಯೊದ ಸುಮಿದಾ ವಾರ್ಡಿನ ಒಕಾನೊ ಕೊಗ್ಯೊ ಎಂಬ ಪುಟ್ಟ ಪ್ರೆಸ್ ಕಾರ್ಖಾನೆ, ತುದಿಯಲ್ಲಿ ಕೇವಲ 0.2 ಮಿಲಿಮೀಟರ್ ದಪ್ಪವಿರುವ, ನೋವಾಗದ ಇನ್ಸುಲಿನ್ ಸೂಜಿಯನ್ನು ಟೆರುಮೊ ಕಂಪನಿಗಾಗಿ ರೂಪಿಸಿತು. 2005ರಲ್ಲಿ ಮಾರುಕಟ್ಟೆಗೆ ಬಂದ ಆ ಸೂಜಿಯಿಂದ ಲೋಕಪ್ರಸಿದ್ಧವಾದ ಈ ಕಾರ್ಖಾನೆಯೂ ಮುಂದುವರಿಸುವವರಿಲ್ಲದೆ ಮುಚ್ಚಲಿದೆ ಎಂದು 2017ರಲ್ಲಿ ವರದಿಯಾಯಿತು. ಅದಕ್ಕೆ ಬೇಡಿಕೆಯ ಕೊರತೆಯೂ ಇರಲಿಲ್ಲ, ಸಾಲದ ಬಾಧೆಯೂ ಇರಲಿಲ್ಲ.

ಜಪಾನೀ ವರ್ತಕರಿಗೆ ಇದಕ್ಕೆ ಹಳೆಯ ಮದ್ದೊಂದಿತ್ತು. ಮಗನಿಲ್ಲದಿದ್ದರೆ, ಅಥವಾ ಇದ್ದ ಮಗ ಯೋಗ್ಯನಲ್ಲದಿದ್ದರೆ, ಸಮರ್ಥನೊಬ್ಬನಿಗೆ ಮಗಳನ್ನು ಕೊಟ್ಟು, ಅವನನ್ನು ದತ್ತು ಪಡೆದು, ಮನೆತನದ ಹೆಸರನ್ನೂ ಗದ್ದುಗೆಯನ್ನೂ ಒಪ್ಪಿಸುವುದು. ನಮ್ಮ ಮನೆಅಳಿಯನಿಗಿಂತ ಇದರ ಮರ್ಯಾದೆ ಹೆಚ್ಚು. ಮಾರುತಿ ಕಾರಿನ ಮೂಲಕ ಭಾರತಕ್ಕೆ ಚಿರಪರಿಚಿತರಾದ, 2024ರ ಡಿಸೆಂಬರ್‌ನಲ್ಲಿ ನಿಧನರಾದ ಒಸಾಮು ಸುಜುಕಿ ಅವರು ಹುಟ್ಟಿನಿಂದ ಸುಜುಕಿ ಅಲ್ಲ, ಮತ್ಸುದಾ. ಮದುವೆಯಾಗಿ ಆ ಮನೆತನಕ್ಕೆ ದತ್ತು ಹೋದವರು. ಮಕ್ಕಳೇ ಕಡಿಮೆಯಾದ ಕಾಲದಲ್ಲಿ ಈ ಮದ್ದು ಎಲ್ಲರಿಗೂ ಸಿಗುವುದಿಲ್ಲ.

ನಮ್ಮಲ್ಲಿ ಜಪಾನಿನಂತೆ ಮೂರು ವರ್ಷಗಳ ಗಂಟು ಇಲ್ಲ. ಆದರೆ ಮಾಲೀಕರ ಗಂಟು ಇದೆ. ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಫೌಂಡ್ರಿಗಳು, ಬೈಕಂಪಾಡಿ: ಇಲ್ಲೆಲ್ಲ 1970 ಮತ್ತು 80ರ ದಶಕಗಳಲ್ಲಿ ಶೆಡ್ ಪಡೆದು ಕೆಲಸ ಆರಂಭಿಸಿದ ಮೊದಲ ತಲೆಮಾರಿನವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಬ್ಬನೇ ಮಗ ಅಥವಾ ಒಬ್ಬಳೇ ಮಗಳು, ಅವರೂ ಪರದೇಶದಲ್ಲಿ, ಎಂಬ ಮಾಲೀಕರ ಲೆಕ್ಕಪತ್ರಗಳು ನನ್ನ ಕಚೇರಿಯ ಕಪಾಟಿನಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ.

ಮಾಲೀಕನದು ಹಾಗಿರಲಿ, ಮೇಸ್ತ್ರಿಯ ಮಾತು ಇನ್ನೂ ಸೂಕ್ಷ್ಮ. ನಾನು ಲೆಕ್ಕಪರಿಶೋಧನೆ ಮಾಡುತ್ತಿದ್ದ ಒಂದು ಎರಕದ ಘಟಕದಲ್ಲಿ ಒಂದು ವರ್ಷ ‘ಗುಜರಿ ಮಾರಾಟ’ ಎಂಬ ಆದಾಯದ ಬಾಬ್ತು ಏಕಾಏಕಿ ಏರಿತ್ತು. ಆದಾಯ ಹೆಚ್ಚಿದೆಯೆಂದು ಗುಮಾಸ್ತ ಸಂತೋಷಪಟ್ಟಿದ್ದ. ವಿಚಾರಿಸಿದಾಗ, ಮರಳು ಹದ ಮಾಡುತ್ತಿದ್ದ ಹಿರಿಯ ಮೇಸ್ತ್ರಿ ಆ ವರ್ಷದ ಆರಂಭದಲ್ಲಿ ಕೆಲಸ ಬಿಟ್ಟು ಊರಿಗೆ ಹೋಗಿದ್ದು, ಅಂದಿನಿಂದ ತಿರಸ್ಕೃತ ಎರಕಗಳು ಹೆಚ್ಚಿದ್ದು ತಿಳಿಯಿತು. ಮಾಲೀಕರು ಹೇಳಿದ್ದು ಇಷ್ಟೇ: ‘ಅವರು ಮರಳನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಿದ್ದರು ಸಾರ್, ಏನು ನೋಡುತ್ತಿದ್ದರೆಂದು ನಾವು ಯಾರೂ ಕೇಳಲಿಲ್ಲ.’ ಯಂತ್ರಕ್ಕೆ ಸವಕಳಿಯ ದರವಿದೆ, ಕೀರ್ತಿಮೌಲ್ಯಕ್ಕೂ ಒಂದು ಸೂತ್ರವಿದೆ. ಆ ಮುಷ್ಟಿಗೆ ನಮ್ಮ ಯಾವ ಪುಸ್ತಕದಲ್ಲೂ ಖಾತೆಯಿಲ್ಲ.

ಉತ್ತರಾಧಿಕಾರದ ವಿಷಯದಲ್ಲಿ ಜಪಾನೀಯರಿಗೆ ದೊಡ್ಡ ಅಡ್ಡಿ ತೆರಿಗೆ. ಅಲ್ಲಿ ಆನುವಂಶಿಕ ಆಸ್ತಿ ತೆರಿಗೆಯ ಗರಿಷ್ಠ ದರ ಶೇಕಡ 55. ಕುಟುಂಬದ ಕಂಪನಿಯ ಷೇರುಗಳ ಮೇಲಿನ ಈ ತೆರಿಗೆಯನ್ನು ಪೂರ್ತಿಯಾಗಿ ಮುಂದೂಡಲು 2018ರಲ್ಲಿ ವಿಶೇಷ ಅವಕಾಶ ಕೊಡಬೇಕಾಯಿತು. ನಮ್ಮಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲಿಯೇ ರದ್ದಾಗಿದೆ. ನಮ್ಮ ತೊಡಕು ತೆರಿಗೆಯದಲ್ಲ, ಕಾಗದದ್ದು. ಇಬ್ಬರೇ ಪಾಲುಗಾರರಿದ್ದು ಒಬ್ಬರು ತೀರಿಕೊಂಡರೆ ಪಾಲುಗಾರಿಕೆ ಸಂಸ್ಥೆ ಮುಗಿದಂತೆಯೇ. ಹೆಚ್ಚು ಮಂದಿ ಇದ್ದರೂ, ಕರಾರುಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ, 1932ರ ಪಾಲುಗಾರಿಕೆ ಕಾಯ್ದೆಯಂತೆ ಒಬ್ಬರ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಏಕಮಾಲೀಕತ್ವದ ವ್ಯಾಪಾರದಲ್ಲಿ ಮಾಲೀಕ ತೀರಿಕೊಂಡರೆ ಅವರ ಜಿಎಸ್‌ಟಿ ನೋಂದಣಿಯಲ್ಲಿ ವಾರಸುದಾರರು ವ್ಯಾಪಾರ ಮುಂದುವರಿಸಲು ಬರುವುದಿಲ್ಲ. ಅವರು ತಮ್ಮ ಹೆಸರಿನಲ್ಲಿ ಹೊಸ ನೋಂದಣಿ ಪಡೆದು, ಹಳೆಯ ಖಾತೆಯಲ್ಲಿ ಉಳಿದಿರುವ ಹೂಡುವಳಿ ತೆರಿಗೆಯ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಇದನ್ನು 2019ರ ಸುತ್ತೋಲೆ ಸ್ಪಷ್ಟಪಡಿಸಿದೆ. ಈ ಮಧ್ಯೆ ಬ್ಯಾಂಕಿನ ಚಾಲ್ತಿ ಖಾತೆ ಸ್ಥಗಿತಗೊಂಡು, ಶನಿವಾರದ ಬಟವಾಡೆಗೆ ಹಣವಿಲ್ಲದೆ ಮನೆಯವರು ಪರದಾಡುವುದನ್ನು ನಮ್ಮ ವೃತ್ತಿಯವರೆಲ್ಲ ಕಂಡಿದ್ದಾರೆ. ಉಯಿಲು, ನಾಮನಿರ್ದೇಶನ, ಕರಾರಿನಲ್ಲಿ ಒಂದು ಹೆಚ್ಚಿನ ವಾಕ್ಯ, ಮಗ ಅಥವಾ ಸೊಸೆಗೆ ಚೆಕ್ಕಿಗೆ ಸಹಿ ಹಾಕುವ ಅಧಿಕಾರ: ಇವೆಲ್ಲ ಒಂದು ಮಧ್ಯಾಹ್ನದ ಕೆಲಸ.

ವಾರಸುದಾರರೇ ಇಲ್ಲದಿದ್ದರೆ? ಜಪಾನಿನಲ್ಲಿ 2011ರಿಂದ ಆರಂಭವಾದ ಉದ್ಯಮ ಹಸ್ತಾಂತರ ನೆರವು ಕೇಂದ್ರಗಳು ಈಗ 47 ಪ್ರಾಂತ್ಯಗಳಲ್ಲಿಯೂ ಇವೆ. ಸರ್ಕಾರ ಹಣ ಕೊಡುತ್ತದೆ. ನಡೆಸುವ ಹೊಣೆಯನ್ನು ಟೋಕಿಯೊ ಮೊದಲಾದ ಹಲವೆಡೆ ಸ್ಥಳೀಯ ವಾಣಿಜ್ಯ ಮಂಡಳಿಗಳೇ ಹೊತ್ತಿವೆ. ಮುಂದುವರಿಸುವವರಿಲ್ಲದ ಅಂಗಡಿ ಅಥವಾ ಕಾರ್ಖಾನೆಯ ಮಾಲೀಕರನ್ನೂ, ಸ್ವಂತ ಉದ್ಯಮ ನಡೆಸಬೇಕೆಂದಿದ್ದು ಕೈಯಲ್ಲಿ ಉದ್ಯಮವಿಲ್ಲದ ಯುವಕರನ್ನೂ ಒಂದೇ ಕಡತದಲ್ಲಿ ನೋಂದಾಯಿಸಿಕೊಂಡು ಹೊಂದಿಸುವ ವ್ಯವಸ್ಥೆಯೂ ಅಲ್ಲಿದೆ. ನಮ್ಮ ಮಂಡಳಿಯ ಸಣ್ಣ ಕೈಗಾರಿಕಾ ಉಪಸಮಿತಿ ಇದರ ವಿವರಗಳನ್ನು ತರಿಸಿ ನೋಡುವುದು ಉಚಿತ. ಅಲ್ಲಿ ಸಲಹೆಗೆ ಶುಲ್ಕವಿಲ್ಲ. ಹೊಂದಾಣಿಕೆಯ ಮೊದಲ ಹಂತದಲ್ಲಿ ಘಟಕದ ಹೆಸರನ್ನು ಮರೆಮಾಚಿ, ಊರು, ಕಸುಬು ಮತ್ತು ವಹಿವಾಟಿನ ಅಂದಾಜನ್ನಷ್ಟೇ ಎದುರಿನವರಿಗೆ ತಿಳಿಸುತ್ತಾರೆ. ಮಾಲೀಕರು ಕೈಬಿಡುತ್ತಿದ್ದಾರೆಂಬ ಸುದ್ದಿ ಮೊದಲೇ ಹೊರಬಿದ್ದರೆ, ಸಾಲ ಕೊಟ್ಟ ಬ್ಯಾಂಕಿನವರೂ ಸಾಮಗ್ರಿ ಕೊಟ್ಟವರೂ ಹಳೆಯ ಕೆಲಸಗಾರರೂ ಒಂದೇ ಬೆಳಿಗ್ಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆಂಬುದು ಅಲ್ಲಿಯವರಿಗೂ ಚೆನ್ನಾಗಿ ಗೊತ್ತಿದೆ.